ಗೇಲಿಕ್ ಫುಟ್‌ಬಾಲ್ ಡಿಫೆಂಡರ್ ಎಷ್ಟು ದೊಡ್ಡವನು ಅಂತ ಅಳೆಯುವುದು ಹೇಗೆ?

ಗೇಲಿಕ್ ಫುಟ್‌ಬಾಲ್ ಅಂದರೆ ಚೆಂಡನ್ನು ಕೈಯಲ್ಲೂ ಹಿಡಿಯಬಹುದಾದ ಐರ್ಲೆಂಡಿನ ಆಟ. ಆಟ ಬಿಟ್ಟ ಡಿಫೆಂಡರ್ ಒಬ್ಬ ಹೊಡೆದ ಗೋಲುಗಳನ್ನು ಎಣಿಸುತ್ತಾ ಕೂರಬೇಡಿ. ಅವನು ಕಾಯುತ್ತಿದ್ದ ಫಾರ್ವರ್ಡ್‌ಗೆ ಎಷ್ಟು ಸಿಕ್ಕಿತು ಅಂತ ನೋಡಿ. ಉದಾಹರಣೆಗೆ ಐರ್ಲೆಂಡಿನ ಮೇಯೊ ಕೌಂಟಿಯ ಲೀ ಕೀಗನ್‌ನನ್ನು ತಗೊಳ್ಳೋಣ. ನನಗೆ ಅವನ ಆಟ ತುಂಬಾ ಇಷ್ಟ. ಹಾಗಾಗಿ ನನ್ನ ಮಾತಿನಲ್ಲಿ ಒಂದಿಷ್ಟು ಪಕ್ಷಪಾತ ಇದೆ, ಕಳೆದು ಓದಿಕೊಳ್ಳಿ.

ಮೊದಲು ಸ್ಕೋರ್ ಓದಲು ಕಲಿಯಿರಿ. ಗೋಲಿಗೆ 3 ಪಾಯಿಂಟ್, ಚೆಂಡು ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ಹೋದರೆ 1. ಸ್ಕೋರಿನಲ್ಲಿ ಮೊದಲ ಅಂಕಿ ಗೋಲುಗಳು, ಎರಡನೆಯದು ಪಾಯಿಂಟ್‌ಗಳು. 2025ರಲ್ಲಿ ದೂರದ ಹೊಡೆತಕ್ಕೆ 2 ಪಾಯಿಂಟ್ ಬಂತು, ಹಳೆಯ ಪಂದ್ಯಗಳಿಗೆ ಅದು ಲೆಕ್ಕಕ್ಕಿಲ್ಲ. 2016ರ ಆಲ್-ಐರ್ಲೆಂಡ್ (ಕೌಂಟಿ ತಂಡಗಳ ಮುಖ್ಯ ಪಂದ್ಯಾವಳಿ) ಫೈನಲ್: ಡಬ್ಲಿನ್ 2-9, ಮೇಯೊ 0-15. ಕೂಡಿಸಿ ನೋಡಿ, ಎರಡೂ 15. ಡ್ರಾ! ಡಬ್ಲಿನ್‌ನ ಆ ಎರಡು ಗೋಲೂ ಮೇಯೊದವರೇ ಹೊಡೆದುಕೊಂಡ ಸ್ವಂತ ಗೋಲುಗಳು. ಪಾಪ ಅಲ್ವಾ?

ಆಮೇಲೆ ಬೆನ್ನಿನ ನಂಬರ್. ತಂಡದಲ್ಲಿ 15 ಜನ. 2, 3, 4 ಗೋಲಿನ ಹತ್ತಿರ ನಿಲ್ಲುವವರು. 5, 6, 7 ಅವರ ಮುಂದಿನ ಸಾಲು, ಹಾಫ್ ಬ್ಯಾಕ್‌ಗಳು. ಕೀಗನ್ ಹೆಚ್ಚಾಗಿ 5. ಈ ಸಾಲಿನವರು ಚೆಂಡು ಸಿಕ್ಕರೆ ಮುಂದೆ ನುಗ್ಗುತ್ತಾರೆ. ಹಾಗಾಗಿ 5ನೇ ನಂಬರಿನವನನ್ನೂ 2ನೇ ನಂಬರಿನವನನ್ನೂ ಒಂದೇ ಅಳತೆಯಲ್ಲಿ ಅಳೆಯಬೇಡಿ.

ಈಗ ಮುಖ್ಯ ಕೆಲಸ. ಅದೇ 2016ರ ಮರುಪಂದ್ಯದ ವಿಡಿಯೋ ಹಾಕಿ. ಮೊದಲ ಸಲ ಸುಮ್ನೆ ನೋಡಿ. ಎರಡನೇ ಸಲ ಚೆಂಡನ್ನು ಮರೆತು, ಕೀಗನ್ ಮತ್ತು ಅವನು ಕಾಯುತ್ತಿದ್ದ ಡಬ್ಲಿನ್‌ನ ಫಾರ್ವರ್ಡ್ ಡೀರ್ಮಿಡ್ ಕಾನಲಿ ಇಬ್ಬರನ್ನೇ ಹಿಂಬಾಲಿಸಿ. ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ಇವರು ಆಗಾಗ ಮಾಯವಾಗುತ್ತಾರೆ. ತಾಳ್ಮೆ ಬೇಕು. ಕಾನಲಿಗೆ ಚೆಂಡು ಎಲ್ಲಿ ಸಿಗುತ್ತದೆ, ಸಿಕ್ಕಾಗ ಅವನ ಮುಖ ಯಾವ ಕಡೆ ಇರುತ್ತದೆ, ಬರೆದಿಟ್ಟುಕೊಳ್ಳಿ. ಗೋಲಿಗೆ ಬೆನ್ನು ಹಾಕಿಯೇ ಹಿಡಿಯಬೇಕಾಗಿ ಬಂದರೆ ಡಿಫೆಂಡರ್ ಗೆದ್ದ ಹಾಗೆ. ಫ್ರೀ ಕಿಕ್‌ನ ಪಾಯಿಂಟ್ ಬೇರೆ ಇಡಿ, ಆಟದ ನಡುವೆ ಬಂದದ್ದನ್ನು ಮಾತ್ರ ಎಣಿಸಿ.

ಕಾರ್ಡ್‌ಗಳನ್ನೂ ಗಮನಿಸಿ. ಆ ದಿನ ಕೀಗನ್ ತಾನೇ ಒಂದು ಗೋಲ್ ಹೊಡೆದ. ಆದರೆ ಮೊದಲಾರ್ಧದಲ್ಲೇ ಬ್ಲ್ಯಾಕ್ ಕಾರ್ಡ್ ಬಿತ್ತು. ಈಗಿನ ಹಾಗೆ 10 ನಿಮಿಷ ಹೊರಗೆ ಕೂತು ವಾಪಸ್ ಬರುವುದಲ್ಲ, ಆಗ ಅವನ ಪಂದ್ಯ ಅಲ್ಲಿಗೇ ಮುಗಿಯುತ್ತಿತ್ತು, ಬದಲಿ ಆಟಗಾರ ಬರುತ್ತಿದ್ದ. ದ್ವಿತೀಯಾರ್ಧದಲ್ಲಿ ಕಾನಲಿ ಪೆನಾಲ್ಟಿ ಗೋಲ್ ಹೊಡೆದ. ಕೊನೆಗೆ ಡಬ್ಲಿನ್ 1-15, ಮೇಯೊ 1-14. ಒಂದೇ ಪಾಯಿಂಟಿನ ಸೋಲು.

ಪದಕಗಳನ್ನು ಕೊನೆಗೆ ನೋಡಿ. ಇಲ್ಲಿ ಸಂಬಳವಿಲ್ಲ, ಬೇರೆ ತಂಡದವರು ದುಡ್ಡು ಕೊಟ್ಟು ಕೊಳ್ಳುವುದೂ ಇಲ್ಲ. ಸಾಮಾನ್ಯವಾಗಿ ತಮ್ಮ ಕೌಂಟಿಗೇ ಆಡುತ್ತಾರೆ. ಕೆರ್ರಿ ಕೌಂಟಿಯ ಡಿಫೆಂಡರ್ ಮಾರ್ಕ್ ಓ ಶೇಗೆ 5 ಆಲ್-ಐರ್ಲೆಂಡ್ ಪದಕ. ಕೀಗನ್‌ಗೆ ಒಂದೂ ಇಲ್ಲ, ಮೇಯೊ 1951ರ ನಂತರ ಗೆದ್ದೇ ಇಲ್ಲ. ಆದರೆ ಕೀಗನ್‌ಗೆ 5 ಆಲ್ ಸ್ಟಾರ್ ಪ್ರಶಸ್ತಿ (ವರ್ಷದ ಅತ್ಯುತ್ತಮ 15 ಆಟಗಾರರಿಗೆ ಕೊಡುವುದು), 2016ರಲ್ಲಿ ವರ್ಷದ ಫುಟ್‌ಬಾಲರ್ ಗೌರವ. ಸೋತ ತಂಡದ ಡಿಫೆಂಡರ್‌ಗೆ ಇಷ್ಟು ಕೊಟ್ಟರು ಅಂದರೆ, ನೀವು ಬರೆದಿಟ್ಟುಕೊಂಡದ್ದನ್ನೇ ಪ್ರಶಸ್ತಿ ಕೊಟ್ಟವರೂ ನೋಡಿರಬೇಕು.