ಪುಕ್ಕಟೆ ಪ್ರಚಾರ, ದುಡ್ಡಿನ ಜಾಹೀರಾತು: ನನ್ನ ತಾರಸಿ ತೋಟದ ತಾಣದ ಅನುಭವ

"ಅಕ್ಕಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಕಂಪನಿಯವರ ಬಗ್ಗೆ ಅಷ್ಟುದ್ದ ಬರೆದು ಹಾಕಿದ್ದೀರಲ್ಲ, ಎಷ್ಟು ಕೊಟ್ರು?"

ಏನೂ ಕೊಟ್ಟಿಲ್ಲ ಅಂದೆ. ನಿಜವೂ ಅದೇ.

"ಮತ್ತೆ ನಾನು ಯಾಕೆ ತಿಂಗಳಿಗೆ 800 ರೂಪಾಯಿ ಕೊಡ್ತಾ ಇದ್ದೀನಿ?"

ಕೇಳಿದವರು ಮೈಸೂರಿನ ಹೊರಗೆ ಸಣ್ಣ ನರ್ಸರಿ ಇಟ್ಟುಕೊಂಡವರು. ನನ್ನ ತಾಣಕ್ಕೆ ಜಾಹೀರಾತು ಕೊಟ್ಟ ಮೊದಲಿಗರು ಅವರೇ. ಫೋನಿನಲ್ಲಿ ನನಗೆ ಉತ್ತರ ಹೊಳೆಯಲಿಲ್ಲ, ಆ ರಾತ್ರಿ ನಿದ್ದೆಯೂ ಸರಿಯಾಗಿ ಬರಲಿಲ್ಲ. ದುಡ್ಡು ತೆಗೆದುಕೊಳ್ಳದಿದ್ದರೆ ಕೈ ಶುದ್ಧ ಎಂದು ನಾನು ಅಲ್ಲಿಯವರೆಗೆ ನಂಬಿದ್ದೆ.

ತಾಣ ಶುರು ಮಾಡಿದ್ದು ಮನೆಯ ತಾರಸಿಯಲ್ಲಿ ಬೆಳೆದ ಬದನೆ, ಬಸಳೆ, ಹೀರೆಯ ಬಗ್ಗೆ ಕನ್ನಡದಲ್ಲಿ ಬರೆದಿಡೋಣ ಎಂದು. ಓದುವವರು ಹೆಚ್ಚಿದಂತೆ ಹೋಸ್ಟಿಂಗ್ ಖರ್ಚೂ ಹೆಚ್ಚಿತು, ತಾಣದಲ್ಲಿ ಜಾಹೀರಾತು ತೋರಿಸಿ ದುಡ್ಡು ಕೊಡುವ ಗೂಗಲ್ ಆಡ್‌ಸೆನ್ಸ್ ಹಾಕಿದೆ. ಖಾತೆಯಲ್ಲಿ 100 ಡಾಲರ್ ಸೇರುವ ತನಕ ಅದರ ದುಡ್ಡು ಬ್ಯಾಂಕಿಗೆ ಬರುವುದಿಲ್ಲ. ನನಗೆ ಮೊದಲ ನೂರು ಸೇರಲು ಹನ್ನೊಂದು ತಿಂಗಳು ಬೇಕಾಯಿತು. ಬಿಳಿನೊಣಕ್ಕೆ ಬೇವಿನೆಣ್ಣೆ ಹೊಡೆಯುವುದು ಹೇಗೆಂದು ಬರೆದಿದ್ದರೆ ಕೆಳಗೆ ರಮ್ಮಿ ಆಟದ ಜಾಹೀರಾತು, ಅದರ ಪಕ್ಕದಲ್ಲಿ ಹದಿನೈದು ದಿನದಲ್ಲಿ ತೂಕ ಇಳಿಸುವ ಪುಡಿ. ಇಂಥ ವರ್ಗಗಳನ್ನು ತಡೆಯುವ ಸೌಲಭ್ಯ ಆಡ್‌ಸೆನ್ಸ್‌ನಲ್ಲೇ ಇದೆ. ಒಂದೊಂದಾಗಿ ತಡೆದೆ, ಆದಾಯ ಇನ್ನಷ್ಟು ಇಳಿಯಿತು. ಹಾಗಾಗಿಯೇ ನರ್ಸರಿಯವರ 800 ರೂಪಾಯಿ ನನಗೆ ದೊಡ್ಡದು. ಅವರ ಗಿಡ ನನ್ನ ಓದುಗರಿಗೆ ಬೇಕಾದದ್ದು, ನಾನೂ ಅಲ್ಲೇ ಸಸಿ ತರುತ್ತೇನೆ.

ಅಷ್ಟರಲ್ಲಿ ಕಂಪನಿಗಳ ಮೇಲ್ ಬರತೊಡಗಿದವು. ಗ್ರೋ ಬ್ಯಾಗ್, ಪಾಟಿಂಗ್ ಮಿಕ್ಸ್, ಹನಿ ನೀರಾವರಿ ಕಿಟ್. ಸಿದ್ಧವಾದ ಬರಹ, ಚೆಂದದ ಫೋಟೋ, ಜೊತೆಗೆ "ಮೇಡಂ, ನಿಮ್ಮ ಓದುಗರಿಗೆ ಉಪಯೋಗ ಆಗುತ್ತೆ" ಎಂಬ ಒಂದು ಸಾಲು. ವಾರಕ್ಕೊಂದು ಹೊಸ ಬರಹ ಹಾಕಲೇಬೇಕು ಎಂದು ಹಟ ಹಿಡಿದವಳಿಗೆ ಇದು ಹಸಿದವರ ಮುಂದೆ ಎಲೆ ಹಾಕಿದ ಹಾಗೆ. ದೊಡ್ಡ ಕಂಪನಿ ನನ್ನನ್ನು ಗುರುತಿಸಿತಲ್ಲ ಎಂಬ ಖುಷಿಯೂ ಇತ್ತು. ಎರಡು ಮಾತು ತಿದ್ದಿ ಹಾಕಿಬಿಡುತ್ತಿದ್ದೆ.

ನರ್ಸರಿಯವರು ಕೇಳಿದ್ದು ಅಂಥದ್ದೊಂದು ಬರಹದ ಬಗ್ಗೆ. ಐದು ಕೆಜಿಯ ಕೋಕೋಪೀಟ್ (ಮಣ್ಣಿನ ಬದಲು ಬಳಸುವ ತೆಂಗಿನ ನಾರಿನ ಪುಡಿ) ಇಟ್ಟಿಗೆ, "ತೊಳೆದದ್ದು, ನೇರ ಬಳಸಿ" ಎಂದು ಕಂಪನಿ ಹೇಳಿತ್ತು, ನಾನೂ ಹಾಗೇ ಬರೆದೆ. ಮೂರು ವಾರಕ್ಕೆ ದಾವಣಗೆರೆಯ ಓದುಗರೊಬ್ಬರಿಂದ ಫೋಟೋ ಬಂತು. ಮೆಣಸಿನ ಸಸಿಗಳ ಎಲೆಯಂಚು ಸುಟ್ಟಂತೆ ಕಂದಾಗಿತ್ತು. ಅದೇ ಇಟ್ಟಿಗೆಯನ್ನು ದುಡ್ಡು ಕೊಟ್ಟು ತರಿಸಿ ಬಕೆಟ್ಟಿನಲ್ಲಿ ನೆನೆಹಾಕಿದೆ. ಹಿಂಡಿದ ನೀರು ಚಹಾದ ಡಿಕಾಕ್ಷನ್ ಬಣ್ಣ. ಬಣ್ಣವೇನೂ ದೋಷವಲ್ಲ, ಉಪ್ಪು ದೋಷ. ಕಡಲ ಹಿನ್ನೀರಿನಲ್ಲಿ ನೆನೆಸಿದ ನಾರಿನ ಪುಡಿಯಲ್ಲಿ ಸೋಡಿಯಂ, ಕ್ಲೋರೈಡ್ ಉಳಿದಿರುತ್ತವೆ. ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯದಿದ್ದರೆ ಎಳೆ ಬೇರಿಗೆ ತಡೆಯುವುದಿಲ್ಲ. ನೀರಿನಲ್ಲಿ ಕರಗಿದ ಉಪ್ಪಿನ ಅಂದಾಜು ಕೊಡುವ ಇಸಿ ಮೀಟರ್ ಇಟ್ಟು ನೋಡಿದೆ. ನಮ್ಮ ನಲ್ಲಿ ನೀರಿಗಿಂತ ಎಷ್ಟೋ ಪಟ್ಟು ಹೆಚ್ಚು. ನಾಲ್ಕು ಸಲ ತೊಳೆದ ಮೇಲೆ ಅಂಕಿ ಇಳಿದು ನಿಂತಿತು. ಈ ಕೆಲಸ ಬರೆಯುವ ಮೊದಲು ಮಾಡಬೇಕಿತ್ತು. ಆ ಓದುಗರಿಗೆ ಕ್ಷಮೆ ಕೇಳಿದೆ, ಹಳೆಯ ಬರಹದ ತಲೆಯ ಮೇಲೇ ತಿದ್ದುಪಡಿ ಹಾಕಿದೆ.

ಎರಡೂ ವಿಷಯ ಒಟ್ಟಿಗೆ ಕೂಡಿಸಿ ನೋಡಿದಾಗ ಲೆಕ್ಕ ಸ್ಪಷ್ಟವಾಯಿತು. ಜಾಹೀರಾತಿಗೆ ದುಡ್ಡಿದ್ದ ಕಂಪನಿಗೆ ನಾನು ಪುಟವನ್ನೇ ಪುಕ್ಕಟೆ ಬಿಟ್ಟುಕೊಟ್ಟಿದ್ದೆ, ಸಸಿ ಮಾರಿ ಬದುಕುವವರ ಹತ್ತಿರ ಬ್ಯಾನರ್‌ಗೆ ಬಾಡಿಗೆ ವಸೂಲಿ ಮಾಡುತ್ತಿದ್ದೆ. ಬರಹವೇ ಬಿಟ್ಟಿ ಸಿಗುವಾಗ ಆ ಕಂಪನಿ ಯಾವತ್ತಾದರೂ ಜಾಹೀರಾತು ಕೊಟ್ಟೀತೇ?

ಈಗ ತಿಂಗಳಿಗೊಮ್ಮೆ "ಪೇಟೆ ಸುದ್ದಿ" ಎಂಬ ಒಂದೇ ಪುಟ. ಹೊಸದಾಗಿ ಬಂದದ್ದು ಏನೇ ಇರಲಿ, ದೊಡ್ಡವರಿರಲಿ ಸಣ್ಣವರಿರಲಿ, ತಲಾ ಎರಡು ಸಾಲು, ಫೋಟೋ ಇಲ್ಲ, ಹೊಗಳಿಕೆ ಇಲ್ಲ, ದುಡ್ಡೂ ಇಲ್ಲ. ಅದಕ್ಕಿಂತ ಹೆಚ್ಚು ಜಾಗ ಬೇಕೆಂದರೆ ಜಾಹೀರಾತು ಕೊಳ್ಳಬೇಕು. ಅದರ ಮೇಲೆ "ಜಾಹೀರಾತು" ಎಂದು ಬರಹದಷ್ಟೇ ದಪ್ಪ ಅಕ್ಷರದಲ್ಲಿ ಇರುತ್ತದೆ. ವಿಮರ್ಶೆ ಬರೆಯುವುದು ನಾನೇ ಕೊಂಡು, ಕನಿಷ್ಠ ಒಂದು ಬೆಳೆ ತೆಗೆದ ವಸ್ತುವಿಗೆ ಮಾತ್ರ. ಜಾಹೀರಾತು ಕೊಟ್ಟವರಿಗೆ ವಿಮರ್ಶೆಯನ್ನು ಮುಂಚಿತವಾಗಿ ತೋರಿಸುವುದಿಲ್ಲ.

ಪುಕ್ಕಟೆ ಬಂದ ವಸ್ತುವನ್ನು ಹೇಳದೆ ಬರೆಯುವುದು ಈಗ ನಿಯಮಕ್ಕೂ ವಿರುದ್ಧ. ಜಾಹೀರಾತು ಮಾನದಂಡ ಮಂಡಳಿ ಆಸ್ಕಿಯ ಮಾರ್ಗಸೂಚಿ 2021ರ ಜೂನ್‌ನಿಂದಲೇ ಇದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯೂ ಕಂಪನಿಯೊಂದಿಗಿನ ನಂಟನ್ನು ಮುಚ್ಚಿಡಬಾರದು ಎನ್ನುತ್ತದೆ. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ ದಂಡವಿದೆ. 2022ರ ಜುಲೈ 1ರಿಂದ ಆದಾಯ ತೆರಿಗೆಯಲ್ಲಿ ಬಂದ ನಿಯಮದ ಪ್ರಕಾರ, ಒಂದೇ ಕಡೆಯಿಂದ ವರ್ಷಕ್ಕೆ 20,000 ದಾಟಿದ ಉಡುಗೊರೆಯನ್ನು ನಾವು ಇಟ್ಟುಕೊಂಡರೆ ಕೊಟ್ಟ ಕಂಪನಿ ಶೇ. 10 ಟಿಡಿಎಸ್ (ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಬೇಕು. ಬಿಟ್ಟಿ ಬಂದದ್ದೂ ಆದಾಯವೇ ಎಂದು ಸರ್ಕಾರವೇ ಹೇಳಿದ ಮೇಲೆ ಓದುಗರ ಮುಂದೆ ಬೇರೆ ಮಾತಾಡಲು ನನಗೆ ಬಾಯಿಲ್ಲ.

ಕೆಲವು ಪ್ರಚಾರವನ್ನು ಮಾತ್ರ ಮನಸಾರೆ, ಪುಕ್ಕಟೆಯಾಗಿ ಮಾಡುತ್ತೇನೆ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕೃಷಿ ಮೇಳ, ಊರಿನ ದೇಸಿ ಬೀಜ ಮೇಳ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಹೊಸ ತಳಿ ಬಂದರೆ ಉದ್ದವಾಗಿಯೇ ಬರೆಯುತ್ತೇನೆ. ಅಲ್ಲೂ ಒಂದು ಎಚ್ಚರ ಬೇಕು. ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂನಂಥ (ಗಿಡಕ್ಕೆ ಉಪಕಾರಿ ಸೂಕ್ಷ್ಮಜೀವಿಗಳ ಮಿಶ್ರಣ) ತಂತ್ರಜ್ಞಾನಕ್ಕೆ ಸಂಸ್ಥೆಯಿಂದ ಲೈಸೆನ್ಸ್ ಪಡೆದ ಖಾಸಗಿ ಕಂಪನಿಗಳಿವೆ. ಅವುಗಳಲ್ಲೊಂದು ಪ್ರೆಸ್ ನೋಟ್ ಕಳಿಸಿದರೆ ತಂತ್ರಜ್ಞಾನದ ಬಗ್ಗೆ ಬರೆಯುತ್ತೇನೆ, ಬ್ರ್ಯಾಂಡ್ "ಪೇಟೆ ಸುದ್ದಿ"ಯ ಎರಡು ಸಾಲಿಗೆ ಹೋಗುತ್ತದೆ.

ಈ ಬದಲಾವಣೆಯಿಂದ ನಷ್ಟ ಆಯಿತು. ಆ ಕೋಕೋಪೀಟ್ ಕಂಪನಿ ಮೇಲ್ ಕಳಿಸುವುದನ್ನೇ ನಿಲ್ಲಿಸಿತು. ಇನ್ನೊಬ್ಬರು "ಒಂದು ಒಳ್ಳೆ ಆರ್ಟಿಕಲ್ ಹಾಕಿದ್ರೆ ವರ್ಷದ ಬ್ಯಾನರ್ ಕೊಡ್ತೀವಿ ಮೇಡಂ" ಎಂದವರು ನಾನು ಒಲ್ಲೆ ಎಂದ ಮೇಲೆ ಮತ್ತೆ ಫೋನ್ ಮಾಡಲಿಲ್ಲ. ವಾರಕ್ಕೊಂದು ಬರಹ ಈಗ ಸಾಗುವುದಿಲ್ಲ, ಹದಿನೈದು ದಿನಕ್ಕೊಂದಾದರೆ ಹೆಚ್ಚು. ಆದರೆ ಆಡ್‌ಸೆನ್ಸ್ ಅಲ್ಲದೆ ನಾಲ್ಕು ಬ್ಯಾನರ್ ಇವೆ, ನಾಲ್ಕೂ ನಾನು ಹೋಗಿ ನೋಡಿಬಂದ ಜಾಗಗಳವು. ಹೋಸ್ಟಿಂಗ್ ಖರ್ಚು ಹುಟ್ಟುತ್ತದೆ.

ನರ್ಸರಿಯವರಿಗೆ ಮೂರು ತಿಂಗಳ ದುಡ್ಡು ವಾಪಸ್ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. "ಬ್ಯಾನರ್‌ನಲ್ಲಿ ಫೋಟೋ ಮಾತ್ರ ಬದಲಾಯಿಸಿ ಅಕ್ಕಾ, ಸೇವಂತಿಗೆ ಸಸಿ ಬಂದಿದೆ" ಅಂದರು.

ತಾರಸಿಯಲ್ಲಿ ಈಗ ಮೂರು ಕಂಪನಿಯ ಗ್ರೋ ಬ್ಯಾಗ್‌ಗಳು ಸಾಲಾಗಿ ನಿಂತಿವೆ, ಮೂರರಲ್ಲೂ ಬದನೆ. ಬಿಸಿಲು ತಡೆಯುತ್ತದೆ ಎಂದು ಮೂರರ ಮೇಲೂ ಬರೆದಿದೆ. ಏಪ್ರಿಲ್, ಮೇ ಬಿಸಿಲು ಕಳೆಯಲಿ, ಹೊಲಿಗೆ ಬಿಚ್ಚಿಕೊಂಡದ್ದು ಯಾವುದೆಂದು ನೋಡಿ ಬರೆಯುತ್ತೇನೆ.