ನೋಹನ ಕಾಲದವರು ಮುರಿದ ಕಾನೂನು ಯಾವುದು? ಯಹೂದಿ ವ್ಯಾಖ್ಯಾನಗಳನ್ನು ಹಿಡಿದು ಓದುವ ಕ್ರಮ

ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದ ಆರನೆಯ ಅಧ್ಯಾಯದಲ್ಲಿ ನೋಹನ ಸಮಕಾಲೀನರೆಲ್ಲರೂ ಜಲಪ್ರಳಯದಲ್ಲಿ ಅಳಿಯಬೇಕೆಂಬ ತೀರ್ಪು ಹೊರಬೀಳುತ್ತದೆ. ಮೋಶೆಯ ಮೂಲಕ ಧರ್ಮಶಾಸ್ತ್ರ ದೊರೆತದ್ದು ಅದಾಗಿ ಎಷ್ಟೋ ತಲೆಮಾರುಗಳ ನಂತರ, ಸೀನಾಯ್ ಬೆಟ್ಟದಲ್ಲಿ. ಹಾಗಿದ್ದ ಮೇಲೆ, ಯಾರೂ ಓದಿ ಹೇಳದ ಕಾನೂನನ್ನು ಮುರಿದದ್ದಕ್ಕಾಗಿ ಆ ಜನರನ್ನು ಶಿಕ್ಷಿಸಿದ್ದು ನ್ಯಾಯವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ನೈತಿಕ ಪತನದ ಬಗ್ಗೆಯೂ ಬುದ್ಧಿಯೇ ಒಪ್ಪಿಸುವ ವಿಧಿಗಳ ಬಗ್ಗೆಯೂ ಯಹೂದಿ ಚಿಂತಕರು ಆಡಿರುವ ಬಹುಪಾಲು ಮುಖ್ಯ ಮಾತುಗಳನ್ನು ಈ ಒಂದು ಪ್ರಶ್ನೆಯ ದಾರದಲ್ಲಿ ಪೋಣಿಸಿಕೊಂಡು ಓದಬಹುದು.

ಮೊದಲು ವ್ಯಾಖ್ಯಾನಗಳನ್ನು ಪಕ್ಕಕ್ಕಿಟ್ಟು 11ರಿಂದ 13ರವರೆಗಿನ ಮೂರು ವಚನಗಳನ್ನಷ್ಟೇ ನಿಧಾನವಾಗಿ ಓದಿರಿ. ಅಲ್ಲಿ ಎರಡು ಆರೋಪಗಳಿವೆ: ಭೂಮಿ ಕೆಟ್ಟುಹೋಗಿದೆ ಎನ್ನುವುದು ಒಂದು, ಅದು ದೌರ್ಜನ್ಯದಿಂದ ತುಂಬಿಹೋಗಿದೆ ಎನ್ನುವುದು ಇನ್ನೊಂದು. 13ನೆಯ ವಚನದಲ್ಲಿ ದೇವರು ನೋಹನಿಗೆ ತೀರ್ಪಿನ ಕಾರಣವನ್ನು ತಿಳಿಸುವಾಗ ಎರಡನೆಯದನ್ನು ಮಾತ್ರ ಹೇಳುತ್ತಾನೆ. ಈ ವ್ಯತ್ಯಾಸವನ್ನು ಗುರುತು ಹಾಕಿಕೊಳ್ಳದೆ ಮುಂದೆ ಹೋದರೆ ವ್ಯಾಖ್ಯಾನಕಾರರು ಏಕೆ ಇಷ್ಟೊಂದು ತಲೆ ಕೆಡಿಸಿಕೊಂಡಿದ್ದಾರೆಂಬುದು ತಿಳಿಯುವುದಿಲ್ಲ. ನಮ್ಮಲ್ಲಿನ ಪ್ರಳಯಕಥೆಗಳೊಂದಿಗೆ ಹೋಲಿಸುವ ಆಸೆಯನ್ನು ಸದ್ಯಕ್ಕೆ ತಡೆದುಕೊಳ್ಳುವುದು ಒಳ್ಳೆಯದು. ಶತಪಥ ಬ್ರಾಹ್ಮಣದ ಮನು ಮತ್ತು ಮೀನಿನ ಕಥೆಯಲ್ಲಿ ಪ್ರಳಯಕ್ಕೆ ಜನರ ಅಪರಾಧವನ್ನು ಕಾರಣವಾಗಿ ಹೇಳಿಯೇ ಇಲ್ಲ. ಇಲ್ಲಿಯಾದರೋ ಅಪರಾಧ ಯಾವುದೆಂಬುದೇ ಚರ್ಚೆಯ ತಿರುಳು.

ಆನಂತರ ಹನ್ನೊಂದನೆಯ ಶತಮಾನದ ಫ್ರಾನ್ಸಿನ ಯಹೂದಿ ವ್ಯಾಖ್ಯಾನಕಾರ ‘ರಶಿ’ಯ ಟಿಪ್ಪಣಿಗೆ ಬನ್ನಿ. ‘ಕೆಟ್ಟುಹೋಗಿದೆ’ ಎಂಬುದನ್ನು ಅವನು ವ್ಯಭಿಚಾರ ಮತ್ತು ವಿಗ್ರಹಾರಾಧನೆ ಎಂದೂ ‘ದೌರ್ಜನ್ಯ’ವನ್ನು ಪರರ ಸ್ವತ್ತನ್ನು ಕಿತ್ತುಕೊಳ್ಳುವುದು ಎಂದೂ ಅರ್ಥೈಸುತ್ತಾನೆ. ಇದಕ್ಕೆ ಆಧಾರ ರಬ್ಬಿಗಳ, ಅಂದರೆ ಯಹೂದಿ ಧರ್ಮಗುರುಗಳ, ಚರ್ಚೆಗಳ ಸಂಗ್ರಹವಾದ ಬಾಬಿಲೋನಿನ ತಾಲ್ಮುಡ್‌ನ ಸನ್ಹೆದ್ರಿನ್ ಗ್ರಂಥದ 108ನೆಯ ಹಾಳೆಯಲ್ಲಿದೆ. ಪ್ರಳಯದ ತಲೆಮಾರಿನವರು ಎಲ್ಲ ಕಟ್ಟಳೆಗಳನ್ನೂ ಮೀರಿದ್ದರೂ, ಪರರ ಸೊತ್ತಿಗೆ ಕೈಚಾಚುವವರೆಗೆ ಅವರ ಮೇಲಿನ ತೀರ್ಪಿಗೆ ಮುದ್ರೆ ಬೀಳಲಿಲ್ಲವೆಂದು ರಬ್ಬಿ ಯೋಹಾನಾನ್ ಅಲ್ಲಿ ಹೇಳುತ್ತಾನೆ. ವಿಗ್ರಹಾರಾಧನೆಗಿಂತ ಕಳವು ನಿರ್ಣಾಯಕವಾಯಿತೆಂಬ ಈ ಮಾತು ಏಕದೇವನಿಷ್ಠೆಯೇ ಜೀವಾಳವಾದ ಧರ್ಮವೊಂದರ ಗುರುವಿನ ಬಾಯಿಂದ ಬಂದಿದೆ ಎನ್ನುವುದನ್ನು ಗಮನಿಸಬೇಕು.

ಇದಕ್ಕೆ ಕಾರಣವನ್ನು ಒದಗಿಸುವವನು ಕತಲೂನಿಯದ ಗಿರೋನಾದಲ್ಲಿ 1194ರಲ್ಲಿ ಹುಟ್ಟಿದ ನಹ್ಮನಿಡೀಸ್. 13ನೆಯ ವಚನದ ವ್ಯಾಖ್ಯಾನದಲ್ಲಿ ಅವನು, ಕಳವು ತಪ್ಪೆಂಬುದು ಬುದ್ಧಿಗೆ ತಾನಾಗಿ ತಿಳಿಯುವ ವಿಧಿಯಾದ್ದರಿಂದ ಆ ಬಗ್ಗೆ ಎಚ್ಚರಿಸಲು ಪ್ರವಾದಿಯ ಅಗತ್ಯವಿಲ್ಲವೆಂದೂ, ಅದು ದೇವರಿಗೂ ಮನುಷ್ಯರಿಗೂ ಎಸಗುವ ಕೇಡೆಂದೂ ಹೇಳುತ್ತಾನೆ. ಬೇರೆಡೆ ಕಬ್ಬಾಲಾ ಎಂಬ ಯಹೂದಿ ಅನುಭಾವ ಪರಂಪರೆಯ ಗೂಢಾರ್ಥಗಳತ್ತ ಒಲಿಯುವ ವ್ಯಾಖ್ಯಾನಕಾರನೇ ಇಲ್ಲಿ ಬುದ್ಧಿಯ ಸಾಕ್ಷ್ಯವನ್ನು ನೆಚ್ಚಿರುವುದರಿಂದ ಈ ಮಾತಿಗೆ ಹೆಚ್ಚಿನ ತೂಕವಿದೆ ಎಂದು ನನಗನ್ನಿಸುತ್ತದೆ. ಆದರೆ ಇಷ್ಟಕ್ಕೇ ನಿಲ್ಲಬಾರದು. ಸನ್ಹೆದ್ರಿನ್‌ನ 56ನೆಯ ಹಾಳೆಯು, ಕಳವಿನ ನಿಷೇಧವೂ ಸೇರಿದಂತೆ ಕೆಲವು ಆಜ್ಞೆಗಳು ಆದಾಮನಿಗೇ ದೊರೆತಿದ್ದವೆಂದು ಹೇಳುತ್ತದೆ. ಆ ದಾರಿ ಹಿಡಿದರೆ ಅಪರಾಧಿಗಳಿಗೆ ಆಜ್ಞೆ ಮೊದಲೇ ಮುಟ್ಟಿತ್ತು. ನಹ್ಮನಿಡೀಸನ ದಾರಿ ಹಿಡಿದರೆ ಅದು ಮುಟ್ಟಬೇಕಾದ ಅಗತ್ಯವೇ ಇರಲಿಲ್ಲ. ಎರಡನ್ನೂ ಅಕ್ಕಪಕ್ಕದಲ್ಲಿ ಬರೆದಿಟ್ಟುಕೊಳ್ಳಿ, ಒಂದರೊಳಗೆ ಇನ್ನೊಂದನ್ನು ಕರಗಿಸಲು ಅವಸರ ಪಡಬೇಡಿ.

ಬುದ್ಧಿಗೆ ತಿಳಿಯುವ ವಿಧಿ ಯಾವುದು, ಆಜ್ಞೆಯಿಂದಷ್ಟೇ ತಿಳಿಯುವುದು ಯಾವುದು ಎಂದು ವಿಂಗಡಿಸಲು ಅದೇ ತಾಲ್ಮುಡ್‌ನ ಯೋಮಾ ಗ್ರಂಥದ 67ನೆಯ ಹಾಳೆ ನೆರವಾಗುತ್ತದೆ. ಬರೆಯದೇ ಹೋಗಿದ್ದರೂ ಬರೆಯಲೇಬೇಕಾಗಿದ್ದ ವಿಧಿಗಳೆಂದು ಅದು ವಿಗ್ರಹಾರಾಧನೆ, ವ್ಯಭಿಚಾರ, ಕೊಲೆ, ಕಳವು, ದೇವನಿಂದೆ ಇವುಗಳ ನಿಷೇಧವನ್ನು ಹೆಸರಿಸುತ್ತದೆ. ಹಂದಿಮಾಂಸ ತಿನ್ನಬಾರದು, ಉಣ್ಣೆ ಮತ್ತು ನಾರಗಸೆ ಬೆರೆಸಿದ ಬಟ್ಟೆ ತೊಡಬಾರದು ಎಂಬಂಥವನ್ನು ಇನ್ನೊಂದು ಗುಂಪಿಗೆ ಸೇರಿಸುತ್ತದೆ. ಈ ವಿಂಗಡಣೆಯನ್ನು ತತ್ತ್ವವಾಗಿ ಬೆಳೆಸಿದವನು ಈಜಿಪ್ಟಿನಲ್ಲಿ ಹುಟ್ಟಿ ಬಾಬಿಲೋನಿನ ಸೂರಾ ವಿದ್ಯಾಪೀಠದ ಮುಖ್ಯಸ್ಥನಾದ ಸಾದಿಯಾ ಗಾವೋನ್. 933ರಲ್ಲಿ ಅರಬ್ಬಿಯಲ್ಲಿ ಬರೆದ ‘ನಂಬಿಕೆಗಳು ಮತ್ತು ಅಭಿಪ್ರಾಯಗಳು’ ಗ್ರಂಥದ ಮೂರನೆಯ ಪ್ರಕರಣದಲ್ಲಿ ಅವನು, ಎಲ್ಲರೂ ಕಳವನ್ನೇ ನೆಚ್ಚಿ ಬದುಕಹೊರಟರೆ ಸಂಪತ್ತೇ ಇಲ್ಲವಾಗಿ, ಕೊನೆಗೆ ಕದಿಯುವುದಕ್ಕೂ ಏನೂ ಉಳಿಯದೆಂದು ವಾದಿಸುತ್ತಾನೆ. ಹಾಗಾದರೆ ಪ್ರವಾದಿಗಳೇಕೆ ಬೇಕು ಎಂಬ ಪ್ರಶ್ನೆಯನ್ನೂ ಅವನೇ ಎತ್ತಿಕೊಳ್ಳುತ್ತಾನೆ. ಕಳವು ತಪ್ಪೆಂದು ಬುದ್ಧಿ ಹೇಳಬಲ್ಲದು, ಆದರೆ ಒಂದು ವಸ್ತು ಒಬ್ಬನ ಸ್ವಂತದ್ದಾಗುವುದು ಹೇಗೆಂಬ ವಿವರವನ್ನು ಅದು ಗೊತ್ತುಮಾಡಲಾರದು. ಅವನ ಈ ಉತ್ತರವನ್ನು ಬಿಟ್ಟು ಓದುವವರು ಅವನನ್ನು ಬರಿಯ ಬುದ್ಧಿವಾದಿಯೆಂದು ತಪ್ಪಾಗಿ ತಿಳಿಯುವ ಸಂಭವವಿದೆ.

ಇನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇನ್ನೊಂದು ತಾಲ್ಮುಡ್ ಸಂಗ್ರಹವಾದ ಜೆರುಸಲೇಮ್ ತಾಲ್ಮುಡ್‌ನ ಬಾವಾ ಮೆಸಿಯಾ ಗ್ರಂಥದ ನಾಲ್ಕನೆಯ ಅಧ್ಯಾಯ. ಪ್ರಳಯದ ತಲೆಮಾರಿನವರು ಕಿತ್ತುಕೊಂಡದ್ದಾದರೂ ಏನು ಎಂದು ಅದು ಕೇಳುತ್ತದೆ. ಒಬ್ಬನು ಬುಟ್ಟಿ ತುಂಬ ತುರ್ಮುಸ್ ಕಾಳನ್ನು ಮಾರಲು ತಂದರೆ ಬಂದವರೆಲ್ಲರೂ ಒಂದು ಪೆರುಟಾ ಬೆಲೆಗಿಂತ ಕಡಿಮೆಯಷ್ಟು ಕಾಳನ್ನು ತೆಗೆದುಕೊಂಡು ಹೋಗುತ್ತಿದ್ದರಂತೆ. ಪೆರುಟಾ ಎಂದರೆ ಅತಿ ಸಣ್ಣ ತಾಮ್ರದ ನಾಣ್ಯ. ಅದಕ್ಕಿಂತ ಕಡಿಮೆ ಬೆಲೆಯ ವಸ್ತುವಿಗಾಗಿ ನ್ಯಾಯಾಲಯದಲ್ಲಿ ದಾವೆ ಹೂಡುವಂತಿಲ್ಲ. ಬುಟ್ಟಿ ಬರಿದಾಗುತ್ತದೆ, ಆದರೆ ಹಿಡಿದು ನಿಲ್ಲಿಸಬಹುದಾದ ಕಳ್ಳನೊಬ್ಬನೂ ಸಿಗುವುದಿಲ್ಲ. ಆದಿಕಾಂಡದಲ್ಲಿ ದುಷ್ಟತನಕ್ಕಾಗಿ ನಾಶವಾಗುವ ಸೊದೋಮ್ ಪಟ್ಟಣದವರ ಬಗ್ಗೆಯೂ ಸನ್ಹೆದ್ರಿನ್‌ನ 109ನೆಯ ಹಾಳೆಯಲ್ಲಿ ಇದೇ ಬಗೆಯ ವಿವರವಿದೆ: ಸಾಲಾಗಿಟ್ಟ ಇಟ್ಟಿಗೆಗಳಿಂದಲೋ ಒಣಗಲು ಹರಡಿದ ಬೆಳ್ಳುಳ್ಳಿ ಈರುಳ್ಳಿಗಳಿಂದಲೋ ಒಬ್ಬೊಬ್ಬನೂ ಒಂದೊಂದನ್ನು ಎತ್ತಿಕೊಂಡು, ‘ನಾನು ತೆಗೆದದ್ದು ಒಂದೇ ತಾನೆ’ ಎನ್ನುತ್ತಿದ್ದನು. ಇಲ್ಲಿ ಕಾನೂನು ಇಲ್ಲವೆಂದಲ್ಲ; ಅದರ ಕೈಗೆ ಎಟುಕದ ಅಳತೆ ಎಷ್ಟೆಂಬುದನ್ನು ಸಮಾಜವಿಡೀ ಲೆಕ್ಕಹಾಕಿ ಕಲಿತುಕೊಂಡಿದೆ. ನಹ್ಮನಿಡೀಸನ ವಾಕ್ಯವನ್ನು ಈ ಬುಟ್ಟಿಯ ಪಕ್ಕದಲ್ಲಿಟ್ಟು ಮತ್ತೊಮ್ಮೆ ಓದಿದರೆ, ಬುದ್ಧಿಯ ವಿಧಿ ನ್ಯಾಯಾಲಯದ ವಿಧಿಗಿಂತ ಏಕೆ ಮುಂದಕ್ಕೆ ಚಾಚಿಕೊಳ್ಳಬೇಕಾಗುತ್ತದೆಂಬುದು ಸ್ಪಷ್ಟವಾಗುತ್ತದೆ. ದಾವೆಗೆ ಒಳಪಡದ ಕಳವನ್ನೂ ಕಳವೆಂದು ಗುರುತಿಸುವ ಶಕ್ತಿ ಆ ಜನರಲ್ಲಿತ್ತು, ಆದ್ದರಿಂದಲೇ ಅವರಿಗೆ ನೆಪವಿರಲಿಲ್ಲ.

ಕೊನೆಯದಾಗಿ ಹನ್ನೆರಡನೆಯ ಶತಮಾನದ ಯಹೂದಿ ತತ್ತ್ವಜ್ಞಾನಿ ಮೈಮೊನಿಡೀಸನ ಆಕ್ಷೇಪವನ್ನು ಓದದೆ ಪುಸ್ತಕ ಮುಚ್ಚಬೇಡಿ. ‘ಎಂಟು ಅಧ್ಯಾಯಗಳು’ ಎಂಬ ಅವನ ಕೃತಿಯ ಆರನೆಯ ಅಧ್ಯಾಯವು ‘ಬುದ್ಧಿಯ ವಿಧಿಗಳು’ ಎಂಬ ಹೆಸರನ್ನೇ ಒಪ್ಪುವುದಿಲ್ಲ. ಕಲಾಮ್ ಎಂಬ ಅರಬ್ಬೀ ಧರ್ಮತರ್ಕ ಪಂಥದವರ ರೋಗ ಹತ್ತಿದ ಪಂಡಿತರು ಹಾಗೆ ಕರೆಯುತ್ತಾರೆಂದು ಚುಚ್ಚುತ್ತದೆ. ಅಷ್ಟಾದರೂ ಅವನು ಆ ಎರಡು ಗುಂಪುಗಳನ್ನು ಉಳಿಸಿಕೊಂಡು ಬೇರೊಂದು ಒರೆಗಲ್ಲನ್ನು ಕೊಡುತ್ತಾನೆ. ಕೊಲೆ, ಕಳವು, ವಂಚನೆಗಳತ್ತ ಒಳ್ಳೆಯ ಮನಸ್ಸು ಹಂಬಲಿಸಲೇ ಬಾರದು. ನಿಷಿದ್ಧ ಆಹಾರದಂಥ ವಿಷಯದಲ್ಲಾದರೆ ‘ಆಸೆಯಿದೆ, ಆದರೆ ದೇವರ ಅಪ್ಪಣೆಯಿಲ್ಲ’ ಎಂದು ತಡೆದುಕೊಳ್ಳುವುದೇ ಮೇಲು. ಯಾವುದಾದರೊಂದು ವಿಧಿ ಯಾವ ಗುಂಪಿನದೆಂಬ ಅನುಮಾನ ಬಂದಾಗ, ಅದನ್ನು ಮೀರುವ ಬಯಕೆಯೇ ನಾಚಿಕೆಗೇಡೋ, ಮೀರುವುದಷ್ಟೇ ತಪ್ಪೋ ಎಂದು ಕೇಳಿಕೊಂಡು ನೋಡಿ. ಯೋಮಾದ ಪಟ್ಟಿಯಲ್ಲಿಲ್ಲದ ವಿಧಿಗಳನ್ನೂ ಹೀಗೆ ಒರೆಗೆ ಹಚ್ಚಬಹುದು.

ಮೂಲ ಪಠ್ಯಗಳಲ್ಲಿ ಹೆಚ್ಚಿನವು ಸೆಫಾರಿಯಾ ಜಾಲತಾಣದಲ್ಲಿ ಹೀಬ್ರೂ ಮತ್ತು ಇಂಗ್ಲಿಷಿನಲ್ಲಿ ಉಚಿತವಾಗಿ ದೊರೆಯುತ್ತವೆ. ಮೈಮೊನಿಡೀಸನ ‘ಮಿಶ್ನೆ ತೋರಾ’ ಎಂಬ ಧರ್ಮವಿಧಿ ಸಂಗ್ರಹದ ಅರಸರ ಕುರಿತ ವಿಧಿಗಳ ಎಂಟನೆಯ ಅಧ್ಯಾಯದ ಕೊನೆಯ ಪರಿಚ್ಛೇದದಲ್ಲಿ ಮಾತ್ರ ಎಚ್ಚರವಿರಲಿ. ಎಲ್ಲ ಮನುಷ್ಯರಿಗೂ ಅನ್ವಯಿಸುವ ‘ನೋಹನ ಸಂತತಿಯ ವಿಧಿ’ಗಳನ್ನು ಕೇವಲ ಬುದ್ಧಿಯ ಒಪ್ಪಿಗೆಯಿಂದ ಪಾಲಿಸುವ ಅನ್ಯಜನಾಂಗದವನು ಅವರೊಳಗಿನ ಭಕ್ತರಲ್ಲಿ ಒಬ್ಬನಲ್ಲ, ‘ಜ್ಞಾನಿಗಳಲ್ಲಿಯೂ ಒಬ್ಬನಲ್ಲ’ ಎಂದು ಪ್ರಚಲಿತ ಮುದ್ರಿತ ಪ್ರತಿಗಳಲ್ಲಿದ್ದರೆ, ಹಸ್ತಪ್ರತಿಗಳಲ್ಲಿ ‘ಆದರೆ ಜ್ಞಾನಿಗಳಲ್ಲಿ ಒಬ್ಬನು’ ಎಂದಿದೆ. ಬುದ್ಧಿಯಿಂದ ಬಂದ ನೀತಿಗೆ ಮೈಮೊನಿಡೀಸ್ ಎಷ್ಟು ಬೆಲೆ ಕೊಟ್ಟನೆಂಬ ವಾದದ ಸೋಲು ಗೆಲುವು ಈ ಪಾಠಾಂತರವನ್ನು ಅವಲಂಬಿಸಿರುವುದರಿಂದ, ನಿಮ್ಮ ಕೈಯಲ್ಲಿರುವುದು ಯಾವ ಪಾಠವೆಂದು ಮೊದಲು ಖಚಿತಪಡಿಸಿಕೊಂಡೇ ಆ ಪರಿಚ್ಛೇದವನ್ನು ಉಲ್ಲೇಖಿಸಿರಿ.