ಅಮೆರಿಕದ ಮಿಡ್ಲ್ ಸ್ಕೂಲಿನಲ್ಲಿ ಎಲೆಕ್ಟಿವ್ ಆರಿಸುವುದು ಹೇಗೆ?

ಮಿಡ್ಲ್ ಸ್ಕೂಲ್ ಅಂದರೆ ಸಾಮಾನ್ಯವಾಗಿ 6ರಿಂದ 8ನೇ ತರಗತಿ; ಎಲೆಕ್ಟಿವ್ ಅಂದರೆ ಕಡ್ಡಾಯ ಪಾಠಗಳ ಜೊತೆ ಮಗು ತಾನೇ ಆರಿಸಿಕೊಳ್ಳುವ ವಿಷಯ. ಸಾಮಾನ್ಯವಾಗಿ ಮಗು 6ನೇ ತರಗತಿಗೆ ಹೋಗುವ ಮುಂಚೆಯೇ ಎಲೆಕ್ಟಿವ್ ಫಾರ್ಮ್ ಮನೆಗೆ ಬರುತ್ತದೆ. ಮೊದಲು ಇದನ್ನು ನೋಡಿ: ಕ್ಲಾಸ್ ಇಡೀ ವರ್ಷದ್ದೋ, ಒಂದೇ ಸೆಮಿಸ್ಟರಿನದೋ? ಬ್ಯಾಂಡ್, ಆರ್ಕೆಸ್ಟ್ರಾ ಸಾಮಾನ್ಯವಾಗಿ ವರ್ಷಪೂರ್ತಿ ಇರುತ್ತವೆ, ಬಹಳ ಕಡೆ 6ರಲ್ಲೇ ಶುರುವಾಗುತ್ತವೆ, 7ರಲ್ಲಿ ಹೊಸದಾಗಿ ಸೇರುವುದು ಕಷ್ಟ, ಹಾಗಾಗಿ ವಾದ್ಯದ ಆಸೆ ಇದ್ದರೆ ಈಗಲೇ ಬರೆಸಿ. ಆದರೆ ಟ್ರಂಪೆಟ್‌ನಂಥ ವಾದ್ಯವನ್ನು ಕೊಳ್ಳಲು ಹೋಗಬೇಡಿ, ತಿಂಗಳ ಬಾಡಿಗೆಗೆ ಸಿಗುತ್ತದೆ. ಆರ್ಟ್, ಡ್ರಾಮಾ ಆಮೇಲೂ ಮಾಡಬಹುದು. 7–8ರ ಸ್ಪ್ಯಾನಿಷ್‌ಗೆ ಹಲವು ಕಡೆ ಹೈಸ್ಕೂಲ್ ಕ್ರೆಡಿಟ್ ಇದೆ, ಅಂದರೆ ಅದು ಹೈಸ್ಕೂಲ್ ಓದಿನ ಲೆಕ್ಕಕ್ಕೂ ಸೇರುತ್ತದೆ. ಆ ಗ್ರೇಡ್ ಹೈಸ್ಕೂಲ್ ದಾಖಲೆಗೂ ಹೋಗುತ್ತದಾ ಅಂತ ಶಾಲೆಯ ಕೌನ್ಸೆಲರ್ (ವಿಷಯ ಆರಿಸಲು ಸಲಹೆ ಕೊಡುವವರು) ಹತ್ತಿರ ಕೇಳಿ. ನಾವು ದೇಸಿಗಳು ಸುಮ್ನೆ ಕೋಡಿಂಗ್‌ಗೆ ಟಿಕ್ ಹಾಕಿಬಿಡುತ್ತೇವೆ, ಅಲ್ವಾ? ಅದನ್ನು ಮನೆಯಲ್ಲೂ ಕಲಿಯಬಹುದು, ಹತ್ತಾರು ಮಕ್ಕಳ ಜೊತೆ ಕೂತು ನುಡಿಸುವುದು ಮನೆಯಲ್ಲಿ ಆಗದ ಮಾತು. ಎರಡನೇ, ಮೂರನೇ ಆಯ್ಕೆಯನ್ನೂ ಯೋಚಿಸಿ ಬರೆಯಿರಿ. ಎಷ್ಟೋ ಸಲ ಸಿಗುವುದು ಅದೇ.